ಪ್ಲೇಗು ಪಂಚಾಂಗ ನೋಡ್ತದಾ?

ಊರಿಗೆ ರೋಗ ಬಂದರೆ ಅದರ ಬೆನ್ನಿಗೇ ಉಪದೇಶನೂ ಬರ್ತದೆ. ರೋಗ ನಾಲ್ಕು ತಿಂಗಳಿದ್ದು ಹೋಗ್ತದೆ, ಉಪದೇಶ ಹೋಗಲ್ಲ. ಇಂಥ ಪ್ರಸಂಗ ಒಂದಾ ಎರಡಾ, ನನ್ನ ಕೆಲಸದ ಉದ್ದಕ್ಕೂ ಇದೇ ಆಯ್ತು. ಈಗ ಕೂತು ಹೇಳಿದರೆ ಕೇಳೋರು ಹೊಟ್ಟೆ ಹಿಡಕೊಂಡು ನಗ್ತಾರೆ. ನನಗೆ ಮಾತ್ರ ಇವತ್ತಿಗೂ ಮೊದಲು ಮೈ ಉರೀತದೆ, ನಗು ಆಮೇಲೆ ಬರ್ತದೆ.

ಮೆಟ್ಟೂರಲ್ಲಿ ಅಣೆಕಟ್ಟು ಏಳ್ತಾ ಇದ್ದ ಕಾಲ ಅದು. ನಾನು ಸೇಲಂನ ನೇಕಾರರ ಬೀದಿಯವನು. ಮನೇಲಿ ಕನ್ನಡ, ಬೀದಿ ದಾಟಿದರೆ ತಮಿಳು, ಶಾಲೇಲಿ ಕಲಿತದ್ದು ಅರೆಬರೆ ಇಂಗ್ಲಿಷು. ಊರ ಸುತ್ತ ಪ್ಲೇಗು ಬಂದಾಗ ಮೇಲಿನೋರು ಒಂದು ಪಾರ್ಟಿ ಕಳಿಸಿದರು. ಅದಕ್ಕೆ ದೊಡ್ಡೋರು ಒಬ್ಬ ಆಫೀಸರು, ಆಂಧ್ರದ ಕಡೆಯೋರು, ಡಾಕ್ಟರಿಕೆ ಓದಿ ವಿಲಾಯಿತಿಗೂ ಹೋಗಿ ಬಂದೋರು. ಅವರ ಕೈಕೆಳಗೆ ಒಬ್ಬ ತಮಿಳು ಹೆಲ್ತ್ ಇನ್ಸ್‌ಪೆಕ್ಟರು. ಒಂದು ಮೋಟಾರು, ಅದಕ್ಕೊಬ್ಬ ಡ್ರೈವರು. ಪೆಟ್ಟಿಗೆ ಹೊರೋಕೆ, ಸೂಜಿ ಹಾಕೋಕೆ, ಕನ್ನಡದೋರು ಇರೋ ಕಡೆ ಮಾತು ತಿರುಗಿಸೋಕೆ ನಾನು. ಔಷಧಿ ಬೀಗದ ಕೈ ಮಾತ್ರ ಆಫೀಸರ ಸೊಂಟದಲ್ಲಿ.

ಆಗ ನಮ್ಮ ಬೀದಿಗೂ ಪ್ಲೇಗಿಗೂ ನಡುವೆ ಇದ್ದದ್ದು ಒಂದು ಚರಂಡಿ. ಆಚೆ ಗಾಣಿಗರ ಬೀದೀಲಿ ಇಲಿ ಸತ್ತು ಬೀಳೋಕೆ ಶುರುವಾಗಿತ್ತು. ಈಚೆ ನನ್ನ ಹೆಂಡತಿ, ಮಕ್ಕಳು, ನನ್ನನ್ನ ಸಾಕಿದ ದೊಡ್ಡಮ್ಮ, ನಾನು ಹುಟ್ಟಿ ಬೆಳೆದ ಬೀದಿ ಪೂರ್ತಿ. ಇಲಿ ಚರಂಡಿ ದಾಟೋಕೆ ಮುಂಚೆ ಎಲ್ಲರಿಗೂ ಸೂಜಿ ಬೀಳಬೇಕು. ಇಷ್ಟೇ ಕೆಲಸ. ಇಷ್ಟು ಕೆಲಸಕ್ಕೆ ಎಷ್ಟು ಕುಣಿಸಿದರು ಅಂತ ಕೇಳಿ.

ಗಂಜಿಗೆ ಸಿಕ್ಕ ಶಹಬಾಸ್‌ಗಿರಿ

ನೇಕಾರರ ಬೀದಿ ನೋಡದೋರಿಗೆ ಒಂದು ಮಾತು ಹೇಳಬೇಕು. ಹಾಸಿನ ನೂಲನ್ನ, ಅಂದರೆ ಬಟ್ಟೆಯ ಉದ್ದದ ಎಳೆಗಳನ್ನ, ಮಗ್ಗಕ್ಕೆ ಏರಿಸೋಕೆ ಮುಂಚೆ ಗಂಜಿ ಕುಡಿಸಬೇಕು, ಇಲ್ಲದಿದ್ದರೆ ಎಳೆ ನಿಲ್ಲಲ್ಲ. ಬೆಳಿಗ್ಗೆ ಬಿಸಿಲು ಏರೋಕೆ ಮುಂಚೆ ಹಾಸನ್ನ ಬೀದಿ ಉದ್ದಕ್ಕೂ ಎಳೆದು ಕಟ್ತೀವಿ. ಎರಡು ಕಡೆ ಗಂಡಸರು ನಿಂತು, ಅಕ್ಕಿ ಗಂಜೀಲಿ ಅದ್ದಿದ ದೊಡ್ಡ ಬ್ರಷ್ಷಲ್ಲಿ ಬಾಚ್ತಾ ಹೋಗ್ತಾರೆ. ಒಂದು ಮನೆ ಹಾಸು ಅಂದರೆ ಬೀದಿಯೋರೆಲ್ಲ ಕೈ ಹಾಕಬೇಕು. ಕಟ್ಟಿದ ಹಾಸನ್ನ ಯಾರೂ ದಾಟೋ ಹಾಗಿಲ್ಲ. ದನ ಬಂದರೂ ಸುತ್ತಿ ಹೋಗಬೇಕು.

ಆಫೀಸರು ಮೊದಲ ದಿನ ಬಂದದ್ದು ಸರಿಯಾಗಿ ಆ ಹೊತ್ತಿಗೆ. ಮೋಟಾರು ಬೀದಿ ಬಾಯಲ್ಲೇ ನಿಂತಿತು. ಇಳಿದು ನೋಡಿದರು. ಬೀದಿ ತುಂಬ ಗಂಡಸರು, ಕೈಯಲ್ಲಿ ಬ್ರಷ್ಷು, ಬಕೆಟ್ಟಲ್ಲಿ ಬೆಳ್ಳಗೆ ಏನೋ, ನೆಲಕ್ಕೆಲ್ಲ ತೊಟ್ಟಿಕ್ತಾ ಇದೆ. ಅವರ ಮುಖ ಅರಳಿತು.

"ಭೇಷ್! ಯಾರೂ ಹೇಳದೇನೇ ಬೀದಿಗೆ ಔಷಧಿ ಹೊಡೆಯುತ್ತಿದ್ದಾರೆ. ಇಂಥ ಜನ ಬೇಕು!" ಅಂದರು ಇಂಗ್ಲಿಷಲ್ಲಿ.

"ಸಾರ್, ಅದು..." ಅಂತ ನಾನು ಬಾಯಿ ತೆಗೆದೆ. ಇನ್ಸ್‌ಪೆಕ್ಟರು ನನ್ನ ಕಾಲು ತುಳಿದರು. "ಸುಮ್ಮಾ ಇರುಯ್ಯಾ. ದೊರೆ ಸಂತೋಷಮಾ ಇರುಕ್ಕಾರು."

ಆಫೀಸರು ನಮ್ಮ ಬೀದಿ ಯಜಮಾನರನ್ನ ಕರೆದು, ಅದಕ್ಕೆ ಏನು ಬೆರೆಸ್ತೀರಿ ಅಂತ ಕೇಳಿದರು. ಯಜಮಾನರು ಕೈ ಒರೆಸಿಕೊಂಡು, "ಅಕ್ಕಿ ಗಂಜಿ ಸಾಮಿ. ಒಸಿ ಎಳ್ಳೆಣ್ಣೆ ಆಕ್ತೀವಿ, ಇಲ್ಲಾಂದ್ರೆ ಅಂಟ್ಕತದೆ," ಅಂದರು. ಇದ್ದದ್ದು ಇದ್ದ ಹಾಗೆ ಹೇಳಿದರು ಪಾಪ. ನಾನು ತಿರುಗಿಸೋಕೆ ಮುಂಚೆ ಇನ್ಸ್‌ಪೆಕ್ಟರು ಮಧ್ಯ ಬಿದ್ದು, ಇದು ಈ ಕಡೆಯ ನಾಟಿ ತಯಾರಿಕೆ ಸಾರ್ ಅಂದುಬಿಟ್ಟರು. ಇದನ್ನೇ ಗಾಣಿಗರ ಬೀದಿಗೂ ಹೊಡೆಸಿ ಅಂತ ಅಲ್ಲೇ ಹುಕುಂ ಆಯ್ತು.

ನಾನು ಇನ್ಸ್‌ಪೆಕ್ಟರನ್ನ ಪಕ್ಕಕ್ಕೆ ಕರೆದು, "ಸಾರ್, ಇಲಿ ಬೀಳ್ತಾ ಇರೋ ಬೀದಿಗೆ ಗಂಜಿ ಹೊಯ್ತೀರಾ? ನಿಮಗೆ ಬುದ್ಧಿ ನೆಟ್ಟಗೈತಾ?" ಅಂತ ಕೇಳೇಬಿಟ್ಟೆ. ಅವರು ತಲೆ ಎತ್ತಲಿಲ್ಲ. "ಆರ್ಡರ್ ಪೋಟ್ಟಾಚ್ಚು," ಅಂದರು. ಆರ್ಡರ್ ಆದ ಮೇಲೆ ಮುಗೀತಲ್ಲ, ದೇವರು ಬಂದರೂ ತಿರುಗಿಸೋ ಹಾಗಿಲ್ಲ!

ಮಾರನೇ ದಿನ ಹಂಡೆಗಟ್ಟಲೆ ಗಂಜಿ ಕಾಯಿಸಿ ಗಾಣಿಗರ ಬೀದಿ ಗೋಡೆ, ಮೆಟ್ಟಿಲು, ಚರಂಡಿಗೆಲ್ಲ ಬಳಿದರು. ಹೊಟ್ಟೆ ತುಂಬ ಉಣ್ಣದ ಜನ ಎಷ್ಟೋ ಇರೋ ಊರಲ್ಲಿ ಇಲಿಗಳಿಗೆ ಎಣ್ಣೆ ಹಾಕಿದ ಗಂಜಿ! ಒಬ್ಬ ಗಾಣಿಗರ ಮುದುಕಿ ಬಾಗಿಲಲ್ಲಿ ನಿಂತು ಇದೇನಕ್ಕೆ ಅಂತ ತಮಿಳಲ್ಲಿ ಕೇಳಿದಳು. ಇಲಿಗೆ ಅಂದೆ. ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟು ನೋಡಿ, ಕನಿಕರದಲ್ಲಿ ಅಂದಳು: "ಅಯ್ಯೋ, ಉಪ್ಪು ಪೋಡಲಿಯೇ!" ಇಲಿಗಳಿಗೆ ಉಪ್ಪು ಹಾಕಿಲ್ಲ ಅನ್ನೋದೊಂದೇ ಆ ತಾಯಿಗೆ ಇದ್ದ ದೂರು.

ಅದು ಜ್ವರ ಅಲ್ಲವಂತೆ

ಆಮೇಲೆ ನಮ್ಮ ಬೀದಿ ಭಜನೆ ಮನೆ ಮುಂದೆ ಸಭೆ. ಆಫೀಸರು ಕುರ್ಚೀಲಿ ಕೂತು, "ಭಯ ಪಡಬೇಡಿ. ಏನು ಬೇಕಾದರೂ ಕೇಳಿ," ಅಂದರು. ಅವರು ಇಂಗ್ಲಿಷಲ್ಲಿ ಹೇಳಿದ್ದನ್ನ ಇನ್ಸ್‌ಪೆಕ್ಟರು ತಮಿಳಲ್ಲಿ ಹೇಳಬೇಕು, ತಮಿಳಲ್ಲಿ ಹೇಳಿದ್ದನ್ನ ನಾನು ಕನ್ನಡದಲ್ಲಿ ಹೇಳಬೇಕು. ನಮ್ಮ ಬೀದೀಲಿ ತಮಿಳು ಬರದೋರು ಒಂದು ನರಪಿಳ್ಳೆ ಇರಲಿಲ್ಲ. ಆದರೂ ಜನರ ಭಾಷೆಯಲ್ಲೇ ಹೇಳಬೇಕು ಅಂತ ಮೇಲಿಂದ ಅಪ್ಪಣೆಯಂತೆ. ಒಂದೇ ಮಾತನ್ನ ಎರಡು ಸಲ ಕೇಳಿಸಿಕೊಂಡು ಜನ ಆಕಳಿಸಿದರು. ಆಫೀಸರು ಅದನ್ನ ನೋಡಿ, ಇವರಿಗೆ ಅರ್ಥ ಆಗ್ತಾ ಇಲ್ಲ, ಇನ್ನೊಂದು ಸಲ ಹೇಳಿ ಅಂದರು. ನನ್ನ ಗಂಟಲು ಹರೀತು.

ಮೊದಲು ಎದ್ದದ್ದು ನಮ್ಮ ದೊಡ್ಡಮ್ಮ. ಅವಳು ಬೀದಿಗೇ ಹಿರಿಯಳು. ಸಭೆಗೂ ರಾಟೆ ತಂದುಕೊಂಡು ನೂಲು ಸುತ್ತುತಾನೇ ಕೇಳಿದಳು. "ಊಸಿ ಆಕಿದ್ರೆ ಜರ ಬತ್ತದಂತಲ್ಲ, ನಿಜವಾ?"

"ಅದು ಜ್ವರ ಅಲ್ಲ. ಅದಕ್ಕೆ ರಿಯಾಕ್ಷನ್ ಎನ್ನುತ್ತಾರೆ," ಅಂದರು ಆಫೀಸರು.

"ಅದು ಬಂದ್ರೆ ಮೈ ಸುಡ್ತದಾ?"

"ಸುಡುತ್ತದೆ."

"ಕಂಬಳಿ ಒದ್ಕಂಡು ಮಲಗಬೇಕಾ?"

"ಮಲಗಬೇಕು."

"ಗಂಜಿ ಕುಡೀಬೇಕಾ?"

"ಕುಡಿಯಬಹುದು."

"ಅಂಗಾರೆ ಜರಾನೇ. ನೀವು ಬ್ಯಾರೆ ಹೆಸರು ಮಡಗಿದ್ದೀರಿ ಅಷ್ಟೇಯ," ಅಂದಳು ದೊಡ್ಡಮ್ಮ. ಬೀದಿಗೆ ಬೀದಿಯೇ ನಕ್ಕಿತು. ನಾನು ಇದನ್ನ ಇಂಗ್ಲಿಷಿಗೆ ತಿರುಗಿಸುವಾಗ, ಅಜ್ಜಿಗೆ ಸಮಾಧಾನ ಆಯ್ತಂತೆ ಸಾರ್ ಅಂದೆ.

ಆಮೇಲೆ ಯಜಮಾನರು ಎದ್ದು ಮುಖ್ಯವಾದ ಮಾತು ಕೇಳಿದರು. ಬಲಗೈಲಿ ಲಾಳಿ ಹಗ್ಗ ಎಳೀಬೇಕು, ಎಡಗೈಲಿ ಹಲಗೆ ಬಡೀಬೇಕು, ಮಗ್ಗದ ಗುಂಡೀಲಿ ಎರಡು ಕಾಲೂ ತುಳೀತಾ ಇರಬೇಕು. ಯಾವ ಕೈಗೆ ಸೂಜಿ ಹಾಕಿದರೂ ಊದಿಕೊಂಡು ಮಗ್ಗ ನಿಲ್ತದೆ. ಒಬ್ಬರ ಕೈ ಊದಿದರೆ ಇನ್ನೊಬ್ಬರ ಹಾಸಿಗೂ ಆಳಿಲ್ಲ. ಅದಕ್ಕೇ ಅವರು ಕೇಳಿಕೊಂಡದ್ದು ಇಷ್ಟು: "ಅಮಾಸೆ ದಿನ ಬನ್ನಿ ಸಾಮಿ. ಅಮಾಸೆಗೆ ನಾವು ಮಗ್ಗ ಮುಟ್ಟಕ್ಕಿಲ್ಲ, ಮಾರನೇ ದಿನಾನೂ ಆಸು ಕಟ್ಟಕ್ಕಿಲ್ಲ. ಜರ ಬಂದು ಓಗೋಕೆ ಅದೇ ಬಿಡುವು. ಆವತ್ತು ಕೂಸಿಂದ ಮುದುಕರಗಂಟ ಎಲ್ಲಾರೂ ಕೈ ಒಡ್ತೀವಿ. ಮೊದಲ್ನೇದು ನಂಗೇ ಆಕಿ."

ಇದಕ್ಕಿಂತ ನೆಟ್ಟಗಿನ ಮಾತು ಇನ್ನೇನು ಬೇಕು? ಯಾವ ಊರಿನ ಜನ ತಾವೇ ದಿನ ಗೊತ್ತು ಮಾಡಿ ಬನ್ನಿ ಅಂತಾರೆ? ನಾನು ಖುಷಿಯಿಂದ ತಿರುಗಿಸಿದೆ. ಆಫೀಸರು ಅಮಾವಾಸ್ಯೆ ಅಂದದ್ದಷ್ಟೇ ಕೇಳಿಸಿಕೊಂಡರು. ಕುರ್ಚೀಲಿ ಹಿಂದಕ್ಕೊರಗಿ ನಗೋಕೆ ಶುರು ಮಾಡಿದರು.

"ನೋಡಿದಿರಾ ಮೂಢನಂಬಿಕೆ! ಪ್ಲೇಗು ಪಂಚಾಂಗ ನೋಡುತ್ತದೆಯೇ?" ಅಂದರು. ತಮ್ಮ ಮಾತು ತಮಗೇ ಎಷ್ಟು ಹಿಡಿಸಿತು ಅಂದರೆ ಮತ್ತೆ ಮತ್ತೆ ಅದನ್ನೇ ಹೇಳಿದರು. ಇನ್ಸ್‌ಪೆಕ್ಟರು ಒಂದೊಂದು ಸಲಕ್ಕೂ ಹೊಸದಾಗಿ ನಕ್ಕರು. ಶುಕ್ರವಾರ ಬೆಳಿಗ್ಗೆ ಸೂಜಿ ಅಂತ ಸಾರಿ ಸಭೆ ಮುಗಿಸಿದರು.

ಮನೆಗೆ ಬಂದು ಹೆಂಡತಿ ಕೈಲಿ ಬೇಡಿಕೊಂಡೆ. ನೀನಾದರೂ ಬಾರೇ, ಮಕ್ಕಳನ್ನಾದರೂ ಕರಕೊಂಡು ಬಾ ಅಂದೆ. "ಬೀದಿಯೋರು ಆಕಿಸ್ಕಂಡ ದಿನ ನಾನೂ ಆಕಿಸ್ಕತೀನಿ. ಒಬ್ಬಳೇ ಕೈ ಊದಿಸ್ಕಂಡು ಕೂತ್ರೆ ನಾಳೆ ನಮ್ಮ ಆಸಿಗೆ ಯಾರು ಬತ್ತಾರೆ? ನಿನ್ನ ಆಫೀಸರು ಬತ್ತಾರಾ ಬ್ರಷ್ಷು ಇಡ್ಕಂಡು?" ಅಂದಳು.

ಶುಕ್ರವಾರ ಬೀದಿ ನಡುವೆ ಬೆಂಚು ಹಾಕಿ, ಪೆಟ್ಟಿಗೆ ಬಿಚ್ಚಿಟ್ಟು ಕೂತೆವು. ತುಂಬ ಹೊತ್ತಾದ ಮೇಲೆ ಯಜಮಾನರು ಒಬ್ಬರೇ ಬಂದರು. ಆಫೀಸರು ಗೆದ್ದೋರ ಹಾಗೆ ನನ್ನ ಕಡೆ ನೋಡಿ, ಸೂಜಿ ತೆಗಿ ಅಂತ ಸನ್ನೆ ಮಾಡಿದರು. ಯಜಮಾನರು ಕೈ ಮುಗಿದು ಅಂದರು: "ಬೆಂಚು ಒಸಿ ಆಕಡೆ ಜರುಗಿಸ್ತೀರಾ ಸಾಮಿ? ಆಸು ಕಟ್ಟಬೇಕು."

ಬಿಸಿಲು ಬೀಳಲಿ

ನಮ್ಮ ಬೀದಿ ಮೇಲಿನ ಸಿಟ್ಟಿಗೆ ಆಫೀಸರು ಹಳ್ಳಿ ಕಡೆ ಹೊರಟರು. ಪಾಪಿರೆಡ್ಡಿಪಟ್ಟಿ ಕಡೆ ಕನ್ನಡ ಒಕ್ಕಲಿನ ಒಂದು ಹಳ್ಳಿ. ಹೊರಡೋ ದಿನ ಎಲ್ಲರೂ ಮೋಟಾರಲ್ಲಿ ಕೂತಾಯ್ತು, ಇಂಜಿನ್ನು ಗುರ್ ಅಂತಾ ಇದೆ, ಗಾಡಿ ಮಾತ್ರ ಹೊರಡಲ್ಲ. ಬೆವರು ಸುರೀತಾ ಕೂತೇ ಇದ್ದೀವಿ. ಯಾಕೆ ಅಂದರೆ ಡ್ರೈವರು ಮುಖ ತಿರುಗಿಸಿಕೊಂಡು, "ಇಂಜಿನ್ ಕಾಯಬೇಕು," ಅಂದ. ಎಲ್ಲಿಗೆ ಹೊರಟರೂ ಹೀಗೇ. ಕೆಲವು ದಿನ ಬೇಗ ಕಾಯ್ತದೆ, ಕೆಲವು ದಿನ ಎಷ್ಟು ಹೊತ್ತಾದರೂ ಕಾಯಲ್ಲ. ಇದೆಂಥ ಇಂಜಿನ್ನಪ್ಪಾ ಅಂದುಕೊಂಡೆ.

ಹಳ್ಳೀಲಿ ಜನ ಆಗಲೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಆಫೀಸರು ಅದೇ ಮಾತಿಂದ ಶುರು ಮಾಡಿದರು, ಭಯ ಪಡಬೇಡಿ, ಏನು ಬೇಕಾದರೂ ಕೇಳಿ. ಊರ ಗೌಡರು ಎದ್ದು ಕೇಳಿದರು: "ಒಲದಾಗೆ ಗುಡಿಸ್ಲು ಆಕಂಡಿದ್ದೀವಿ ದೊರೆ. ಎಷ್ಟು ದಿನ ಇರಬೇಕು?"

ಸರಳವಾದ ಪ್ರಶ್ನೆ. ಇಷ್ಟು ದಿನ ಅಂದರೆ ಮುಗೀತು. ಆಫೀಸರು ಎದ್ದು ನಿಂತು ಸೂರ್ಯನ ಮೇಲೆ ಭಾಷಣ ಶುರು ಮಾಡಿದರು. ಪ್ಲೇಗಿಗೆ ದೊಡ್ಡ ಶತ್ರು ಬಿಸಿಲು. ಮನೆಗಳ ಹೆಂಚು ತೆಗೀರಿ, ಮೂಲೆ ಮೂಲೆಗೂ ಬಿಸಿಲು ಬೀಳಲಿ. ಗೌಡರು ಯಾವ ಮನೇದು ಅಂತ ಕೇಳಿದರು. "ಎಲ್ಲ ಮನೆಯದೂ! ಊರಲ್ಲಿ ಒಂದು ಮನೆಯನ್ನೂ ಬಿಡಬಾರದು. ದೊಡ್ಡವರು ಚಿಕ್ಕವರು ಎಂದು ಮುಖ ನೋಡಬಾರದು!" ಅಂತ ಮೇಜು ಗುದ್ದಿದರು. ಗೌಡರ ಪ್ರಶ್ನೆ ಅಲ್ಲೇ ಬಿತ್ತು.

ನಾವು ಇಳಿದುಕೊಂಡಿದ್ದದ್ದು ಊರ ಅಂಚಿನ ಬಂಗಲೇಲಿ. ಬೆಳಿಗ್ಗೆ ಪಕ್ಕದ ಹಳ್ಳಿಗೆ ಹೋಗಿ ಮಧ್ಯಾಹ್ನ ವಾಪಸ್ ಬಂದು ನೋಡ್ತೀವಿ, ಬಂಗಲೆಗೆ ಸೂರೇ ಇಲ್ಲ! ಹೆಂಚನ್ನೆಲ್ಲ ಅಂಗಳದಲ್ಲಿ ಅಚ್ಚುಕಟ್ಟಾಗಿ ಜೋಡಿಸಿದ್ದಾರೆ. ಆಫೀಸರ ಮಂಚದ ಮೇಲೆ ಭರ್ತಿ ಬಿಸಿಲು. ಸೊಳ್ಳೆಪರದೆ ಕೋಲಿನ ಮೇಲೆ ಒಂದು ಕಾಗೆ.

ಗೌಡರು ಬೆವರೊರೆಸಿಕೊಂಡು, ಮುಖದ ತುಂಬ ನಗು ಇಟ್ಟುಕೊಂಡು ಬಂದರು. "ದೊಡ್ಡೋರ ಮನೆಯಿಂದ್ಲೇ ಶುರು ಮಾಡಿದ್ವಿ ದೊರೆ. ಇನ್ನು ಊರೋರು ಒಬ್ರೂ ಕ್ಯಾತೆ ತೆಗೆಯಕ್ಕಿಲ್ಲ."

ಆಫೀಸರು ಕೆಂಡ ಆದರು. "ನಾನು ಎಲ್ಲಿ ಮಲಗಬೇಕು? ಕೇಳು ಇವನನ್ನ, ನಾನೆಲ್ಲಿ ಮಲಗಬೇಕು?" ಅಂತ ನನ್ನ ಮೇಲೆ ಕಿರುಚಿದರು. ನಾನು ಕೇಳಿದೆ. ಗೌಡರಿಗೆ ನಿಜವಾಗಲೂ ಚಿಂತೆ ಆಯ್ತು. "ನಮ್ಮ ಒಲದಾಗೆ ಒಂದು ಗುಡಿಸ್ಲು ಆಕ್ಕೊಡ್ತೀವಿ," ಅಂದರು. "ಆದ್ರೆ ಎಷ್ಟು ದಿನ ಇರಬೇಕು ಅಂತ ನಮಗೇ ಇನ್ನಾ ಯಾರೂ ಏಳಿಲ್ಲ."

ಒಂದು ಇಲಿಯ ಮೆರವಣಿಗೆ

ವಾಪಸ್ ಬರೋ ಹೊತ್ತಿಗೆ ಒಂದು ಅಮಾಸೆ ಆಗಿಹೋಗಿತ್ತು. ಯಜಮಾನರು ಆವತ್ತು ಹಾದಿ ಕಾದು ಕೂತಿದ್ದರಂತೆ. ಗಾಣಿಗರ ಬೀದೀಲಿ ಹೆಣ ಏಳೋಕೆ ಶುರುವಾಗಿತ್ತು, ಮನೆಗಳಿಗೆ ಬೀಗ ಬಿದ್ದಿತ್ತು. ಆಫೀಸರು ಬಂದೋರೇ ಹೊಸ ಕಾನೂನು ಸಾರಿಸಿದರು. ಸತ್ತ ಇಲಿ ಯಾರ ಮನೇಲಿ ಸಿಕ್ಕಿದರೂ ಹೇಳಬೇಕು. ಹೇಳಿದ ಮನೇನ ಮೊದಲು ಖಾಲಿ ಮಾಡಿಸಿ ಬೀಗ ಹಾಕ್ತಾರೆ.

ನೋಡಿ ಹೇಗಿದೆ! ನಿಜ ಹೇಳಿದೋನಿಗೇ ಮೊದಲು ಬೀಗ. ಬೇರೆಯೋರಾದರೆ ಗಂಟುಮೂಟೆ ಹೊತ್ತುಕೊಂಡು ಹೋದಾರು. ನಮ್ಮ ಮಗ್ಗ ಮನೆ ನೆಲದಲ್ಲಿ ಗುಂಡಿ ತೋಡಿ ಇಟ್ಟದ್ದು. ಗುಂಡೀನ ತಲೆ ಮೇಲೆ ಹೊತ್ತುಕೊಂಡು ಹೋಗೋಕಾಗ್ತದಾ?

ಒಂದು ದಿನ ಬೆಳಿಗ್ಗೆ ದೊಡ್ಡಮ್ಮನ ಹಿತ್ತಲಲ್ಲಿ ಒಂದು ಇಲಿ ಸತ್ತು ಬಿದ್ದಿತ್ತು. ಮುಟ್ಟಬಾರದು ಅಂತ ನಾನೇ ಹೇಳಿದ್ದೆ. ಅದಕ್ಕೇ ಅವಳು ಕೋಲಿನ ತುದೀಲಿ ಒಂದು ಕೆಂಪು ನೂಲಿನ ಕುಣಿಕೆ ಮಾಡಿ, ಬಾಲಕ್ಕೆ ಸಿಕ್ಕಿಸಿ, ಮೆಲ್ಲಗೆ ಗೋಡೆ ಆಚೆ ಇಳಿಬಿಟ್ಟಳು. ಪಕ್ಕದ ಮನೆಯೋರು ನೋಡಿದರು. ನೂಲು ಆಗಲೇ ಕಟ್ಟಿತ್ತಲ್ಲ, ಅನುಕೂಲ ಆಯ್ತು. ಅವರು ಅದರಾಚೆ ಮನೆಗೆ ದಾಟಿಸಿದರು. ಹೀಗೆ ಹಿತ್ತಲಿಂದ ಹಿತ್ತಲಿಗೆ ಇಳಿದು ಹತ್ತಿ, ಸಂಜೆ ಒಳಗೆ ಬೀದಿ ಕೊನೆ ಮುಟ್ಟಿತು. ಕೊನೆ ಮನೇಲಿ ಬಾಡಿಗೆಗೆ ಇದ್ದದ್ದು ನಮ್ಮ ಇನ್ಸ್‌ಪೆಕ್ಟರು.

ನಡುವೆ ಆಫೀಸರು ಬಂದು ಮನೆಮನೆಗೂ ಕೇಳಿದರು, ಇಲಿ ಬಿತ್ತಾ ಅಂತ. "ನಮ್ಮನೇಲಿ ಇಲ್ಲ ಸಾಮಿ," ಅಂದರು ಎಲ್ಲರೂ. ಒಬ್ಬರೂ ಸುಳ್ಳು ಹೇಳಲಿಲ್ಲ. ಆ ಹೊತ್ತಿಗೆ ಅವರ ಮನೇಲಿ ಇರಲಿಲ್ಲ.

ಇನ್ಸ್‌ಪೆಕ್ಟರು ಸರ್ಕಾರಿ ಮನುಷ್ಯ. ಅವರಾದರೂ ಹೇಳಬೇಕಿತ್ತು. ಹೇಳಿದರೆ ಅವರ ಮನೆಗೇ ಬೀಗ! ಮಾರನೇ ಬೆಳಿಗ್ಗೆ ಏನೋ ಪೊಟ್ಟಣ ಕೊಡೆ ಮರೇಲಿ ಹಿಡಕೊಂಡು ವಾಕಿಂಗು ಹೊರಟರು. ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ಬೀದೀಲಿ ನಿಂತು ಬಾಯಿ ಮಾಡ್ತಾ ಇದ್ದಳು. "ಯಾರ್ಲಾ ಅದು, ನಾನು ಕಳಿಸಿದ್ದನ್ನ ವಾಪಸ್ ಕಳಿಸಿರೋದು? ನಾನು ಕಟ್ಟಿದ ಕೆಂಪು ನೂಲು ಅಂಗಂಗೇ ಐತೆ!"

ನಾನು ಓಡಿ ಹೋದೆ. ಆವಾಗಲೇ ನನಗೆ ಪೂರ್ತಿ ಕಥೆ ಗೊತ್ತಾದದ್ದು. ಸೀಮೆಎಣ್ಣೆ ಹೊಯ್ದು ಇಲೀನ ಸುಟ್ಟೆ. "ನಿಮಗೆಲ್ಲ ಏನು ಬಂದೈತೆ? ಸಾಯೋಕೆ ಅಷ್ಟು ಆತುರವಾ?" ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಾಡಿದೆ. ದೊಡ್ಡಮ್ಮನಿಗೂ ಹೆದರಿಕೆ ಆಗಿತ್ತು. ಇಲಿ ಚರಂಡಿ ದಾಟಿತ್ತು.

ಗಲಾಟೆ ಕೇಳಿ ಇನ್ಸ್‌ಪೆಕ್ಟರು ಏನೂ ಅರಿಯದೋರ ಹಾಗೆ ಬಂದರು. "ಯಾರು ವೀಟ್ಟು ಎಲಿ ಇದು?" ಯಾರ ಮನೆ ಇಲಿ ಅಂತ ದಬಾಯಿಸಿದರು. ದೊಡ್ಡಮ್ಮ ಪಕ್ಕಕ್ಕೆ ಬಿದ್ದಿದ್ದ ಪೊಟ್ಟಣದ ಕಾಗದಾನ ಕಡ್ಡೀಲಿ ಎತ್ತಿ ಅವರ ಮುಂದೆ ಹಿಡಿದಳು. "ನೀವೇ ಏಳಿ ಸಾಮಿ. ಈ ಬೀದೀಲಿ ಇಂಗ್ಲಿಷ್ ಪೇಪರು ತರಿಸೋ ಇಲಿ ಯಾರ ಮನೇಲೈತೆ?"

ಅಮಾಸೆ

ಮುಂದಿನ ಅಮಾಸೆ ಹತ್ತಿರ ಬಂದಿತ್ತು. ನಾನು ಆಫೀಸರ ಕಾಲು ಹಿಡಿಯೋದೊಂದು ಬಾಕಿ. "ಸಾರ್, ನಮ್ಮ ಬೀದೀಲೂ ಇಲಿ ಬಿತ್ತು. ಅಮಾಸೆ ದಿನ ಬಂದುಬಿಡಿ, ಎಲ್ಲರೂ ಹಾಕಿಸ್ಕೋತಾರೆ," ಅಂದೆ.

ಆವತ್ತು ಮೋಟಾರು ರಿಪೇರಿ ಅಂದರು. ಮೋಟಾರು ಯಾಕೆ ಸಾರ್, ನಡೆದರೆ ನಾಲ್ಕು ಹೆಜ್ಜೆ ಅಂದೆ. ಔಷಧಿ ಸಾಲದು ಅಂದರು. ಪೆಟ್ಟಿಗೆ ತುಂಬ ಐತೆ ಸಾರ್, ನಾನೇ ಹೊತ್ತು ತಂದದ್ದು ಅಂದೆ. ಕೊನೆಗೆ, ಅಧಿಕಪ್ರಸಂಗ ಮಾಡಬೇಡ ಅಂತ ಆಚೆ ಕಳಿಸಿದರು.

ಡ್ರೈವರು ನನ್ನ ಮುಖ ನೋಡಿ ಕಾಫಿ ಕುಡಿಸಿದ. ಅವನೇ ಗುಟ್ಟು ಬಿಟ್ಟದ್ದು. "ಅವರು ಅಮಾವಾಸೈ ದಿನ ಹೊಸಿಲು ದಾಟಲ್ಲ ಕಣಯ್ಯಾ. ಅವರ ಕಡೆ ಆಗಿಬರಲ್ಲವಂತೆ. ನಮ್ಮ ತಮಿಳರಿಗೆ ಅದೇ ನಲ್ಲ ನಾಳ್, ಒಳ್ಳೇ ದಿನ. ಹೇಳೋರು ಯಾರು?"

"ಮತ್ತೆ ಪ್ಲೇಗು ಪಂಚಾಂಗ ನೋಡುತ್ತದೆಯೇ ಅಂತ ನಕ್ಕರಲ್ಲಯ್ಯಾ?"

"ಪ್ಲೇಗು ನೋಡಲ್ಲ. ಅವರು ನೋಡ್ತಾರೆ," ಅಂದ. "ಇಂಜಿನ್ ಕಾಯಬೇಕು ಅಂತಿದ್ನಲ್ಲ, ಅದು ರಾಹುಕಾಲ ಕಳೆಯೋಗಂಟ."

ಲೋಟ ಎತ್ತಿ ಬಿಸಾಕೋಣ ಅನ್ನಿಸಿತು. ಒಂದು ತಿಂಗಳು! ನಮ್ಮೋರನ್ನ ಮೂಢರು, ಗೊಡ್ಡರು ಅಂತ ಬೈದು, ಒಂದು ತಿಂಗಳು ಪೂರ್ತಿ ಆ ಮನುಷ್ಯ ಪಂಚಾಂಗ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ನನ್ನ ಮಕ್ಕಳು ಇಲಿ ಸತ್ತ ಹಿತ್ತಲಲ್ಲಿ ಆಡ್ತಾ ಇದ್ದವು. ನೆಟ್ಟಗೆ ಬೀದಿಗೆ ಬಂದು ಎಲ್ಲರ ಮುಂದೆ ಹೇಳಿದೆ. ದೊಡ್ಡಮ್ಮ ರಾಟೆ ನಿಲ್ಲಿಸಿ ಅಂದಳು: "ಅಯ್ಯೋ ಪಾಪ, ಎದರ್ಕಂಡವ್ರೆ. ಅವರು ಬರದಿದ್ರೆ ಏನಂತೆ, ನಾವೇ ಓಗಾನ."

ಅಮಾಸೆ ದಿನ ಬೆಳಿಗ್ಗೆ ಬೀದಿ ಪೂರ್ತಿ ತಲೆಗೆ ನೀರು ಹಾಕಿಕೊಂಡು, ಮಡಿ ಉಟ್ಟು, ಮದುವೆಗೆ ಹೊರಟ ಹಾಗೆ ಹೊರಟಿತು. ಕಂಕುಳಲ್ಲಿ ಕೂಸು, ತಲೆ ಮೇಲೆ ಮೊಸರನ್ನದ ಬುಟ್ಟಿ. ಆಫೀಸರು ಸೇಲಂನಲ್ಲಿ ತಾವು ಇಳಿದಿದ್ದ ಬಂಗಲೆ ಜಗಲೀಲಿ ಒರಗು ಕುರ್ಚೀಲಿ ಕೂತಿದ್ದರು. ಮಡಿಲಲ್ಲಿ ಇದ್ದದ್ದು ಏನು ಅಂತ ಹೇಳಬೇಕಾ?

ಜನಾನ ನೋಡಿ ಗಾಬರಿಯಾಗಿ ಎದ್ದರು. "ನಾಳೆ ಬರಲು ಹೇಳು," ಅಂದರು ನನಗೆ. ಇನ್ಸ್‌ಪೆಕ್ಟರು ಅದನ್ನ ತಮಿಳಲ್ಲಿ ಕೂಗಿದರು. ದೊಡ್ಡಮ್ಮ ಮುಂದೆ ಬಂದು, ಯಾಕೆ ಅಂತ ಕೇಳಿದಳು. "ಇನ್ನಿಕ್ಕು ಅಮಾವಾಸೈ," ಅಂದರು ಇನ್ಸ್‌ಪೆಕ್ಟರು, ಧ್ವನಿ ತಗ್ಗಿಸಿ.

ದೊಡ್ಡಮ್ಮ ನನ್ನ ಕಡೆ ತಿರುಗಿದಳು. "ಕೇಳ್ಲಾ ಅವರನ್ನ. ಪಿಳೇಗು ಪಂಚಾಂಗ ನೋಡ್ತದಾ?"

ಆವತ್ತಿನವರೆಗೆ ನಾನು ಮಾತು ತಿರುಗಿಸುವಾಗ ಸ್ವಲ್ಪ ಬೆಣ್ಣೆ ಹಚ್ಚಿಯೇ ತಿರುಗಿಸಿದೋನು. ಇದೊಂದನ್ನ ಮಾತ್ರ ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ, ಅವರು ಆವತ್ತು ಹೇಳಿದ ಇಂಗ್ಲಿಷಲ್ಲೇ ಹೇಳಿದೆ. ಆಫೀಸರು ಕೆಳಗೆ ನೋಡಿದರು. ಮೆಲ್ಲಗೆ ಪಂಚಾಂಗ ಮುಚ್ಚಿ ಕುರ್ಚಿ ಕೆಳಗೆ ತಳ್ಳಿದರು. ಬೀಗದ ಕೈ ತೆಗೆದು ನನ್ನ ಕೈಲಿಟ್ಟರು.

"ರಾಹುಕಾಲ ಕಳೆಯಲಿ," ಅಂದರು, ನನಗೊಬ್ಬನಿಗೇ ಕೇಳೋ ಹಾಗೆ.

ಸರಿ ಅಂತ ಬೀದಿಗೆ ಬೀದಿಯೇ ಬೇವಿನ ಮರದ ಕೆಳಗೆ ಕೂತು ಮೊಸರನ್ನ ತಿಂದಿತು. ಡ್ರೈವರು ಒಳ್ಳೇ ಮನುಷ್ಯ, ರೂಢಿ ತಪ್ಪಬಾರದು ಅಂತ ಮೋಟಾರಿನ ಇಂಜಿನ್ನು ಕಾಯೋಕಿಟ್ಟ. ಹೊತ್ತಾದ ಮೇಲೆ ಯಜಮಾನರು ಮೊದಲು ಕೈ ಒಡ್ಡಿದರು, ಮಾತು ಕೊಟ್ಟಿದ್ದರಲ್ಲ. ಆಮೇಲೆ ದೊಡ್ಡಮ್ಮ. ಆಮೇಲೆ ನನ್ನ ಹೆಂಡತಿ, ಮಕ್ಕಳು. ಸುಳ್ಳು ಯಾಕೆ ಹೇಳಲಿ, ಮಕ್ಕಳ ತೋಳಿಂದ ಸೂಜಿ ತೆಗೆದಾಗ ನನಗೆ ಅಳು ಬಂತು. ಆ ವರ್ಷ ನಮ್ಮ ಬೀದೀಲಿ ಪ್ಲೇಗಿಗೆ ಯಾರೂ ಸಾಯಲಿಲ್ಲ. ಗಾಣಿಗರ ಬೀದೀಲಿ ಆ ಉಪ್ಪಿನ ಮುದುಕಿ ಉಳಿಯಲಿಲ್ಲ. ಅದನ್ನ ನೆನೆಸಿಕೊಂಡರೆ ಇವತ್ತಿಗೂ ನನಗೆ ಆ ಮನುಷ್ಯನ ಮೇಲಿನ ಸಿಟ್ಟು ಇಳಿಯಲ್ಲ.

ಎಲ್ಲ ಮುಗಿದು ನಾನು ಪೆಟ್ಟಿಗೆ ಮುಚ್ಚೋಕೆ ಹೋದೆ. ದೊಡ್ಡಮ್ಮ ತಡೆದಳು. "ಇನ್ನೊಂದು ಕೇಳಬೇಕು. ಸಾಮಿಯೋರು ಆಕಿಸ್ಕಂಡವ್ರಾ?"

ನಾನು ಕೇಳಿದೆ. ಆಫೀಸರು ಕೋಟಿನ ತೋಳು ಕೆಳಕ್ಕೆ ಎಳಕೊಂಡರು. "ನಾಳೆ ಹಾಕಿಸಿಕೊಳ್ಳುತ್ತೇನೆ," ಅಂದರು. "ಇವತ್ತು ಅಮಾವಾಸ್ಯೆ."

ನಾನು ಅದನ್ನ ಕನ್ನಡಕ್ಕೆ ತಿರುಗಿಸಬೇಕಾಗಲಿಲ್ಲ. ದೊಡ್ಡಮ್ಮ ಹೋಗಿ ಅವರ ಕೈ ಹಿಡಿದು, ಮಗೂನ ಕೂರಿಸೋ ಹಾಗೆ ಬೆಂಚಿನ ಮೇಲೆ ಕೂರಿಸಿದಳು. "ಭಯ ಪಡಬ್ಯಾಡಿ ಸಾಮಿ. ಏನು ಬೇಕಾದ್ರೂ ಕೇಳಿ," ಅಂದಳು. ನನಗೆ, "ಇವರ ಕೆಲಸಕ್ಕೆ ಬ್ಯಾಡದ ಕೈ ಯಾವುದು ನೋಡ್ಲಾ," ಅಂದಳು. ಡ್ರೈವರು ಹಿಂದಿನಿಂದ, "ಪಂಚಾಂಗ ತಿರುಗಿಸೋ ಕೈ ಒಂದು ಬಿಟ್ಟುಬಿಡು," ಅಂದ. ನಾನು ಎಡಗೈಗೆ ಹಾಕಿದೆ. ಆಫೀಸರು ಕಣ್ಣು ಮುಚ್ಚಿಕೊಂಡಿದ್ದರು.

ಮಾರನೇ ದಿನ ಅವರು ಕಂಬಳಿ ಹೊದ್ದು ಗಡಗಡ ನಡುಗ್ತಾ ಮಲಗಿದ್ದಾರೆ ಅಂತ ಸುದ್ದಿ ಬಂತು. ದೊಡ್ಡಮ್ಮ ತಾನೂ ಊದಿದ ಕೈಲೇ ಗಂಜಿ ಕಾಯಿಸಿ, ಚೊಂಬಿಗೆ ಹೊಯ್ದು ನನ್ನ ಕೈಲಿ ಕಳಿಸಿದಳು. ನಾನು ಹೋದಾಗ ಆಫೀಸರು ಕಂಬಳಿ ಒಳಗಿಂದ ತಲೆ ಹೊರಗೆ ಹಾಕಿ ನರಳಿದರು. "ಜ್ವರ ಕಣಯ್ಯಾ, ಮೈ ಸುಡುತ್ತಿದೆ, ಜ್ವರ..."

ಚೊಂಬು ಅವರ ಪಕ್ಕ ಇಟ್ಟು, ದೊಡ್ಡಮ್ಮ ಹೇಳಿ ಕಳಿಸಿದ್ದನ್ನ ತಿರುಗಿಸಿ ಹೇಳಿದೆ: "ಅದು ಜ್ವರ ಅಲ್ಲವಂತೆ ಸಾರ್, ರಿಯಾಕ್ಷನ್ ಅಂತೆ."